ಗುಜ್ರಾಲ್ ಸಿದ್ಧಾಂತ

ನೆರೆಯ ದೇಶಗಳೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದರ ಬಗ್ಗೆ ಭಾರತ 1996ರಿಂದ 1998ರವರೆಗಿನ ಅವಧಿಯಲ್ಲಿ ರೂಪಿಸಿಕೊಂಡ ವಿದೇಶಾಂಗ ನೀತಿಗೆ ಗುಜ್ರಾಲ್ ಸಿದ್ಧಾಂತ ಎಂದು ಹೆಸರು. ಎಚ್.ಡಿ. ದೇವೇಗೌಡರ ಸಂಪುಟದಲ್ಲಿ ವಿದೇಶಾಂಗ ಸಚಿವರಾಗಿದ್ದು, 1997ರ ಏಪ್ರಿಲ್ 21ರಂದು ತಾವೇ ಪ್ರಧಾನಿಯಾದ ಇಂದರ್ ಕುಮಾರ್ ಗುಜ್ರಾಲ್ ಇದನ್ನು ಮಂಡಿಸಿದರು. ದಕ್ಷಿಣ ಏಷ್ಯಾದಲ್ಲಿ ನೆಲ, ಜನ, ಸೇನೆ ಮೂರರಲ್ಲೂ ದೊಡ್ಡದಾದ ದೇಶವೇ ಮೊದಲು ಕೈ ಚಾಚಬೇಕು, ಸಣ್ಣ ನೆರೆಯವರಿಂದ ಕೊಟ್ಟಷ್ಟೇ ಮರಳಿ ಬರಬೇಕೆಂಬ ಲೆಕ್ಕ ಇಡಬಾರದು ಎಂಬುದು ಇದರ ತಿರುಳು.

ನಕ್ಷೆಯನ್ನು ನೋಡಿದರೆ ಈ ನೀತಿ ಯಾಕೆ ಬೇಕಾಯಿತೆಂಬುದು ತಿಳಿಯುತ್ತದೆ. ನೇಪಾಳ, ಭೂತಾನ್, ಬಾಂಗ್ಲಾದೇಶ ಮೂರಕ್ಕೂ ಭಾರತದೊಂದಿಗೆ ಗಡಿಯುಂಟು, ತಮ್ಮತಮ್ಮಲ್ಲಿ ಇಲ್ಲ. ಶ್ರೀಲಂಕಾ ಮತ್ತು ಮಾಲ್ಡೀವ್ಸ್‌ಗೆ ಕಡಲಾಚೆಯ ಹತ್ತಿರದ ದೊಡ್ಡ ದೇಶ ಭಾರತವೇ. ಹೀಗಾಗಿ ನದಿ, ಗಡಿ, ವಲಸೆ, ವ್ಯಾಪಾರದ ಯಾವ ತಕರಾರು ಎದ್ದರೂ ಅದು ಭಾರತದೊಂದಿಗಿನ ತಕರಾರಾಗುತ್ತದೆ. ಈ ಪ್ರದೇಶದ ಜನಸಂಖ್ಯೆಯ ಸುಮಾರು ನಾಲ್ಕನೇ ಮೂರು ಪಾಲು ಭಾರತದಲ್ಲಿದೆ. ದೆಹಲಿಗೆ ಸಹಜವೆನಿಸುವ ಮಾತು ಕಠ್ಮಂಡುವಿಗೋ ಢಾಕಾಕ್ಕೋ ಅಪ್ಪಣೆಯಂತೆ ಕೇಳಿಸುವುದಕ್ಕೆ ಈ ಅಂತರ ಸಾಕು.

1980ರ ದಶಕದಲ್ಲಿ ಈ ಅಸಮಾಧಾನ ಬಹಿರಂಗವಾಗಿಯೇ ಕಾಣಿಸಿಕೊಂಡಿತು. 1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದಂತೆ ದ್ವೀಪಕ್ಕೆ ಹೋದ ಶಾಂತಿಪಾಲನಾ ಪಡೆ ತಮಿಳು ಉಗ್ರರೊಂದಿಗೆ ಯುದ್ಧಕ್ಕಿಳಿಯಬೇಕಾಯಿತು. ಸುಮಾರು 1,200 ಭಾರತೀಯ ಯೋಧರು ಅಲ್ಲಿ ಪ್ರಾಣ ಕಳೆದುಕೊಂಡರು, ಕೊನೆಗೆ ಎರಡೂ ಕಡೆಯವರಿಗೆ ಪಡೆ ಬೇಡವಾಯಿತು. ನೇಪಾಳವು ಚೀನಾದಿಂದ ಶಸ್ತ್ರಾಸ್ತ್ರ ಕೊಂಡ ಬಳಿಕ, 1989ರ ಮಾರ್ಚ್ 23ರಂದು ಅದರೊಂದಿಗಿನ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಭಾರತ ಅವನ್ನು ನವೀಕರಿಸಲಿಲ್ಲ. ಗಡಿಯ 15 ಸಾಗಣೆ ದ್ವಾರಗಳಲ್ಲಿ 13 ಮುಚ್ಚಿದವು. ಸೀಮೆಎಣ್ಣೆ ಸಿಗದೆ ನೇಪಾಳದ ಮನೆಗಳಲ್ಲಿ ಒಲೆ ಹೊತ್ತಿಸುವುದೇ ಕಷ್ಟವಾಯಿತು. ಆ ತಿಂಗಳುಗಳ ನೆನಪು ನೇಪಾಳದ ರಾಜಕಾರಣದಲ್ಲಿ ಇಂದಿಗೂ ಮಾಸಿಲ್ಲ.

ವಿ.ಪಿ. ಸಿಂಗ್ ಸರ್ಕಾರದಲ್ಲಿ ಮೊದಲ ಬಾರಿ ವಿದೇಶಾಂಗ ಸಚಿವರಾದ ಗುಜ್ರಾಲ್ ಎದುರಿಗೆ ಈ ಎರಡೂ ಗಾಯಗಳಿದ್ದವು. 1990ರ ಮಾರ್ಚ್‌ನಲ್ಲಿ ಶಾಂತಿಪಾಲನಾ ಪಡೆಯ ಕೊನೆಯ ತುಕಡಿ ಶ್ರೀಲಂಕಾವನ್ನು ಬಿಟ್ಟಿತು. ಜೂನ್‌ನಲ್ಲಿ ನೇಪಾಳದ ಸಾಗಣೆ ಸೌಲಭ್ಯ ಮೊದಲಿನಂತಾಯಿತು. ಸಿದ್ಧಾಂತಕ್ಕೆ ಹೆಸರು ಬಂದದ್ದು ಆರೇಳು ವರ್ಷಗಳ ನಂತರವಾದರೂ ಅದರ ಅಭ್ಯಾಸ ಶುರುವಾದದ್ದು ಇಲ್ಲಿಯೇ ಎನ್ನಬೇಕು. ಗುಜ್ರಾಲ್ ಹುಟ್ಟಿದ್ದು 1919ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಝೇಲಂನಲ್ಲಿ. ದೇಶ ವಿಭಜನೆಯಲ್ಲಿ ಊರು ಬಿಟ್ಟು ಬಂದ ಕುಟುಂಬ ಅವರದು. 1976ರಿಂದ 1980ರವರೆಗೆ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದರು.

ಪ್ರಾದೇಶಿಕ ವೇದಿಕೆಯೊಂದು ಆ ವೇಳೆಗಾಗಲೇ ಇತ್ತು. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಹುಟ್ಟಿದ ಸಾರ್ಕ್‌ನ ಎರಡನೇ ಶೃಂಗಸಭೆ 1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ನಡೆಯಿತು. ಕಠ್ಮಂಡುವಿನಲ್ಲಿ ಸಾರ್ಕ್ ಕಾರ್ಯಾಲಯ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಂಗಳೂರಿನಲ್ಲೇ. ಎರಡೇ ದೇಶಗಳ ನಡುವಿನ ವಿವಾದಗಳನ್ನು ಸಭೆಯಲ್ಲಿ ಎತ್ತುವಂತಿಲ್ಲ ಎಂದು ಸಾರ್ಕ್ ಸನದು ಹೇಳುತ್ತದೆ. ಆದರೂ ನಾಯಕರು ಒಂದೆಡೆ ಸೇರಿದಾಗ ಸಭೆಯ ಹೊರಗೆ ಮಾತಾಡುತ್ತಾರೆ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ತಮಿಳರ ಪ್ರಶ್ನೆಯನ್ನು ಚರ್ಚಿಸಿದ್ದು ಹೀಗೆಯೇ. ಸಾರ್ಕ್‌ನಿಂದ ಆದ ದೊಡ್ಡ ಉಪಕಾರ ಈ ಪಡಸಾಲೆಯ ಮಾತುಗಳು ಎಂದರೆ ತಪ್ಪಾಗದು.

1996ರ ಜೂನ್ 1ರಂದು 13 ಪಕ್ಷಗಳ ಸಂಯುಕ್ತ ರಂಗದ ನಾಯಕರಾಗಿ ದೇವೇಗೌಡರು ಪ್ರಧಾನಿಯಾದರು, ಗುಜ್ರಾಲ್ ಮತ್ತೆ ವಿದೇಶಾಂಗ ಸಚಿವರಾದರು. ಆ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಚಾಥಮ್ ಹೌಸ್‌ನಲ್ಲಿ ಮಾಡಿದ ಭಾಷಣದಲ್ಲಿ ಗುಜ್ರಾಲ್ ಐದು ಅಂಶಗಳನ್ನು ಮುಂದಿಟ್ಟರು. 1997ರ ಜನವರಿಯಲ್ಲಿ ಕೊಲಂಬೊದಲ್ಲಿ ಅವನ್ನೇ ವಿಸ್ತರಿಸಿ ಹೇಳಿದರು. ಬಾಂಗ್ಲಾದೇಶ, ಭೂತಾನ್, ಮಾಲ್ಡೀವ್ಸ್, ನೇಪಾಳ, ಶ್ರೀಲಂಕಾಗಳಂಥ ನೆರೆಯವರಿಂದ ಭಾರತ ಪ್ರತಿಫಲ ಕೇಳದೆ, ವಿಶ್ವಾಸವಿಟ್ಟು ತನ್ನ ಕೈಲಾದುದನ್ನು ಕೊಡುತ್ತದೆ ಎಂಬುದು ಮೊದಲನೆಯದು. ಯಾವ ದೇಶವೂ ಇನ್ನೊಂದರ ವಿರುದ್ಧ ತನ್ನ ನೆಲ ಬಳಕೆಯಾಗಲು ಬಿಡಬಾರದು. ಒಬ್ಬರ ಆಂತರಿಕ ವ್ಯವಹಾರದಲ್ಲಿ ಮತ್ತೊಬ್ಬರು ತಲೆಹಾಕಬಾರದು. ಪರಸ್ಪರರ ಸಾರ್ವಭೌಮತ್ವವನ್ನೂ ಗಡಿಗಳನ್ನೂ ಗೌರವಿಸಬೇಕು. ವಿವಾದಗಳನ್ನು ಶಾಂತಿಯಿಂದ, ಇಬ್ಬರೇ ಕೂತು ಬಗೆಹರಿಸಿಕೊಳ್ಳಬೇಕು ಎಂಬವು ಉಳಿದ ನಾಲ್ಕು. ಈ ನಾಲ್ಕರಲ್ಲಿ ಬಹುಪಾಲು 1954ರ ಪಂಚಶೀಲದಲ್ಲಿ ಬಂದು ಹೋದವೇ. ಹೊಸದಾಗಿದ್ದದ್ದು ಮೊದಲನೆಯದು. ಅದರ ಪಟ್ಟಿಯಲ್ಲಿ ಪಾಕಿಸ್ತಾನದ ಹೆಸರಿಲ್ಲ ಎಂಬುದನ್ನೂ ಗಮನಿಸಬೇಕು.

ಈ ಔದಾರ್ಯದ ಹಿಂದೆ ಲೆಕ್ಕಾಚಾರವೂ ಇತ್ತು. ಉತ್ತರಕ್ಕೂ ಪಶ್ಚಿಮಕ್ಕೂ ವೈಮನಸ್ಯವಿರುವ ಎರಡು ದೇಶಗಳಿರುವಾಗ ಉಳಿದ ನೆರೆಯವರೆಲ್ಲರೊಂದಿಗೆ ಪೂರ್ಣ ನೆಮ್ಮದಿಯಿಂದಿರುವುದು ಭಾರತಕ್ಕೆ ಅನಿವಾರ್ಯ, ಆಗ ಮಾತ್ರ ಪಾಕಿಸ್ತಾನ ಮತ್ತು ಚೀನಾಗಳ ಪ್ರಭಾವವನ್ನು ತಡೆಯಬಹುದು ಎಂದು ಗುಜ್ರಾಲ್ 2011ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಅವರನ್ನು ಬರಿಯ ಭಾವುಕರೆಂದು ತಳ್ಳಿಹಾಕುವವರು ಈ ಮಾತನ್ನು ಗಣನೆಗೆ ತಂದುಕೊಂಡಿಲ್ಲ.

ಸಿದ್ಧಾಂತ ಕಾಗದದಿಂದ ನೆಲಕ್ಕಿಳಿದದ್ದು ಗಂಗೆಯ ನೀರಿನಲ್ಲಿ. ಕೋಲ್ಕತ್ತ ಬಂದರಿನಲ್ಲಿ ತುಂಬುತ್ತಿದ್ದ ಹೂಳನ್ನು ಕೊಚ್ಚಿಕೊಂಡು ಹೋಗುವಷ್ಟು ನೀರನ್ನು ಭಾಗೀರಥಿ-ಹೂಗ್ಲಿಗೆ ತಿರುಗಿಸಲೆಂದು, ಬಾಂಗ್ಲಾದೇಶದ ಗಡಿಯಿಂದ 20 ಕಿ.ಮೀ.ಗಿಂತ ಕಡಿಮೆ ದೂರದಲ್ಲಿ ಭಾರತ ಕಟ್ಟಿದ ಫರಕ್ಕಾ ಬ್ಯಾರೇಜು 1975ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿತು. ಬೇಸಿಗೆಯಲ್ಲಿ ಗಂಗೆಯ ಹರಿವು ಹೇಗೂ ಕಡಿಮೆ. ಅದರಲ್ಲೂ ಒಂದು ಪಾಲು ತಿರುಗಿದ ಮೇಲೆ ಕೆಳಗಿನ ಗೊರಾಯ್ ನದಿ ಒಣಗತೊಡಗಿತು, ಖುಲ್ನಾ ಭಾಗದ ಗದ್ದೆಗಳಿಗೆ ಕಡಲಿನ ಉಪ್ಪುನೀರು ನುಗ್ಗಿತು. 1976ರ ಮೇನಲ್ಲಿ ವೃದ್ಧ ನಾಯಕ ಮೌಲಾನಾ ಭಾಸಾನಿ ಫರಕ್ಕಾದತ್ತ ದೊಡ್ಡ ಪಾದಯಾತ್ರೆ ನಡೆಸಿದರು. ಅದೇ ವರ್ಷ ಬಾಂಗ್ಲಾದೇಶ ದೂರನ್ನು ವಿಶ್ವಸಂಸ್ಥೆಗೆ ಒಯ್ದಿತು. 1977ರಲ್ಲಿ ಐದು ವರ್ಷಗಳ ಒಪ್ಪಂದವಾಯಿತು, ಬಳಿಕ ಅಲ್ಪಾವಧಿಯ ಏರ್ಪಾಡುಗಳು ಬಂದವು. 1988ರಿಂದ ಎಂಟು ವರ್ಷ ಯಾವ ಒಪ್ಪಂದವೂ ಇರಲಿಲ್ಲ.

1996ರ ಜೂನ್‌ನಲ್ಲಿ ಶೇಖ್ ಹಸೀನಾ ಬಾಂಗ್ಲಾದೇಶದಲ್ಲಿ ಮೊದಲ ಬಾರಿ ಪ್ರಧಾನಿಯಾದಾಗ ಎರಡೂ ರಾಜಧಾನಿಗಳಲ್ಲಿ ಹೊಸ ಸರ್ಕಾರಗಳಿದ್ದವು. ಆದರೆ ನೀರು ಹೋಗಬೇಕಾದದ್ದು ಪಶ್ಚಿಮ ಬಂಗಾಳದ ಪಾಲಿನಿಂದ. ಅಲ್ಲಿನ ಮುಖ್ಯಮಂತ್ರಿ ಜ್ಯೋತಿ ಬಸು ಒಪ್ಪದಿದ್ದರೆ ದೆಹಲಿ ಏನನ್ನೂ ಮಾಡುವಂತಿರಲಿಲ್ಲ. ಬಸು ಅವರ ಹಿರಿಯರ ಊರು ಢಾಕಾ ಬಳಿಯ ಬಾರದಿ. ನವೆಂಬರ್ ಕೊನೆಯಲ್ಲಿ ಅವರೇ ಢಾಕಾಕ್ಕೆ ಹೋಗಿ ಮಾತಾಡಿ ಬಂದರು, ಹಾದಿ ತೆರೆಯಿತು. ಇತ್ತ ದೇವೇಗೌಡರು ಕರ್ನಾಟಕದಲ್ಲಿ ನೀರಾವರಿ ಸಚಿವರಾಗಿದ್ದವರು, ಕಾವೇರಿಯ ತಕರಾರನ್ನು ಒಳಗಿನಿಂದ ಕಂಡವರು. ಡಿಸೆಂಬರ್ 12ರಂದು ನವದೆಹಲಿಯಲ್ಲಿ ಅವರೂ ಹಸೀನಾ ಅವರೂ 30 ವರ್ಷಗಳ ಗಂಗಾ ಜಲ ಒಪ್ಪಂದಕ್ಕೆ ಸಹಿ ಹಾಕಿದರು.

ಒಪ್ಪಂದದ ಅನ್ವಯ ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಫರಕ್ಕಾದಲ್ಲಿ ನೀರು ಹಂಚಿಕೆಯಾಗುತ್ತದೆ. ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತ 40,000 ಇಟ್ಟುಕೊಂಡು ಮಿಕ್ಕಿದ್ದನ್ನು ಬಿಡಬೇಕು. ತೀರ ಬಿರುಬೇಸಿಗೆಯಾದ ಮಾರ್ಚ್ 11ರಿಂದ ಮೇ 10ರ ನಡುವೆ ಒಂದು ಹತ್ತು ದಿನ ಒಬ್ಬರಿಗೆ, ಮುಂದಿನ ಹತ್ತು ದಿನ ಇನ್ನೊಬ್ಬರಿಗೆ 35,000 ಕ್ಯೂಸೆಕ್ ಖಚಿತ. ಹರಿವು 50,000ಕ್ಕಿಂತ ಇಳಿದರೆ ಎರಡೂ ಸರ್ಕಾರಗಳು ಕೂಡಲೇ ಸೇರಿ ಮಾತಾಡಬೇಕು. ಕಾವೇರಿಯ ಸಂಕಷ್ಟ ಸೂತ್ರದ ಚರ್ಚೆಯನ್ನು ಬಲ್ಲ ಕನ್ನಡಿಗರಿಗೆ ಈ ಕೊನೆಯ ಷರತ್ತಿನ ಬೆಲೆ ಬೇಗ ತಿಳಿಯುತ್ತದೆ: ನದಿ ತುಂಬಿದಾಗ ಹಂಚಿಕೆ ಸುಲಭ, ಒಪ್ಪಂದದ ಪರೀಕ್ಷೆ ನಡೆಯುವುದು ಮಳೆ ಕೈಕೊಟ್ಟ ವರ್ಷ. 1997ರ ಮೊದಲ ಬೇಸಿಗೆಯಲ್ಲೇ ಹರಿವು ಬಹಳ ಕುಸಿದು ಢಾಕಾದಲ್ಲಿ ಆಕ್ಷೇಪ ಎದ್ದಿತು. 1977ರ ಒಪ್ಪಂದದಲ್ಲಿ ನಿಗದಿತ ಪಾಲಿನ ಶೇ 80ಕ್ಕೆ ಇದ್ದ ಖಾತರಿ ಇದರಲ್ಲಿಲ್ಲ ಎಂಬ ದೂರು ಅಲ್ಲಿನ ಟೀಕಾಕಾರರದು. ಅಷ್ಟಾದರೂ ಒಪ್ಪಂದ ಮುರಿಯಲಿಲ್ಲ.

ಉಳಿದೆಡೆಯೂ ಕೆಲಸ ಸಾಗಿತು. ಚೀನಾ ಅಧ್ಯಕ್ಷ ಜಿಯಾಂಗ್ ಜೆಮಿನ್ ದೆಹಲಿಗೆ ಬಂದಾಗ, 1996ರ ನವೆಂಬರ್ 29ರಂದು, ವಾಸ್ತವಿಕ ನಿಯಂತ್ರಣ ರೇಖೆಯ ಎರಡು ಕಿ.ಮೀ. ಒಳಗೆ ಗುಂಡು ಹಾರಿಸಬಾರದೆಂಬ ಷರತ್ತನ್ನೊಳಗೊಂಡ ಒಪ್ಪಂದವಾಯಿತು. ಡಿಸೆಂಬರ್‌ನಲ್ಲಿ ನೇಪಾಳದ ತಯಾರಿಕೆಗಳಿಗೆ ಭಾರತದ ಮಾರುಕಟ್ಟೆ ಸುಂಕವಿಲ್ಲದೆ ತೆರೆಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ನೇಪಾಳದ ಲಾರಿಗಳು ಫುಲ್ಬಾರಿ ಮೂಲಕ ಬಾಂಗ್ಲಾದೇಶ ಮುಟ್ಟುವ ದಾರಿ ಸಿಕ್ಕಿತು. ನರಸಿಂಹ ರಾವ್ ಕಾಲದಲ್ಲಿ ಸಹಿಯಾಗಿದ್ದ ಮಹಾಕಾಳಿ ಒಪ್ಪಂದ 1997ರ ಜೂನ್‌ನಲ್ಲಿ ಜಾರಿಗೆ ಬಂತಾದರೂ ಅದರ ಮುಖ್ಯ ಯೋಜನೆಯಾದ ಪಂಚೇಶ್ವರ ಅಣೆಕಟ್ಟು ಎದ್ದು ನಿಲ್ಲಲಿಲ್ಲ. ಅದೇ ಜೂನ್ 6ರಂದು ಬ್ಯಾಂಕಾಕ್‌ನಲ್ಲಿ, ಈಗ ಬಿಮ್‌ಸ್ಟೆಕ್ ಎನಿಸಿಕೊಂಡಿರುವ ಬಂಗಾಳ ಕೊಲ್ಲಿ ದೇಶಗಳ ಕೂಟ ಹುಟ್ಟಿತು. 1997ರ ಡಿಸೆಂಬರ್ 2ರಂದು ಬಾಂಗ್ಲಾದೇಶ ಸರ್ಕಾರ ಚಿತ್ತಗಾಂಗ್ ಗುಡ್ಡಗಾಡಿನ ಬಂಡುಕೋರರೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡಿತು. ತ್ರಿಪುರಾದ ಶಿಬಿರಗಳಲ್ಲಿ ವರ್ಷಗಳಿಂದ ಬದುಕುತ್ತಿದ್ದ ಚಕ್ಮಾ ನಿರಾಶ್ರಿತರು ಊರಿಗೆ ಮರಳಿದರು.

ಪಾಕಿಸ್ತಾನದೊಂದಿಗೆ ಕೊಡುವ ಮಾತಿಗಿಂತ ಮಾತುಕತೆಗೆ ಒಂದು ಚೌಕಟ್ಟು ಹುಡುಕುವ ಕೆಲಸ ನಡೆಯಿತು. ಮೂರು ವರ್ಷ ನಿಂತುಹೋಗಿದ್ದ ವಿದೇಶಾಂಗ ಕಾರ್ಯದರ್ಶಿಗಳ ಭೇಟಿ 1997ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮತ್ತೆ ನಡೆಯಿತು. ಮೇ 12ರಂದು ಮಾಲೆಯ ಸಾರ್ಕ್ ಶೃಂಗಸಭೆಯ ಬದಿಯಲ್ಲಿ ಪಂಜಾಬಿ ಮಾತೃಭಾಷೆಯ ಇಬ್ಬರು ಪ್ರಧಾನಿಗಳು, ಗುಜ್ರಾಲ್ ಮತ್ತು ನವಾಜ್ ಷರೀಫ್, ಭೇಟಿಯಾದರು. ಜೂನ್ 23ರಂದು ಇಸ್ಲಾಮಾಬಾದಿನಲ್ಲಿ ಹೊರಬಿದ್ದ ಜಂಟಿ ಹೇಳಿಕೆ ಎಂಟು ವಿಷಯಗಳನ್ನು ಹೆಸರಿಸಿತು: ಶಾಂತಿ ಮತ್ತು ಭದ್ರತೆ, ಜಮ್ಮು-ಕಾಶ್ಮೀರ, ಸಿಯಾಚಿನ್, ತುಲ್‌ಬುಲ್ ಜಲಸಾರಿಗೆ ಯೋಜನೆ, ಸರ್ ಕ್ರೀಕ್ ಗಡಿ, ಭಯೋತ್ಪಾದನೆ ಮತ್ತು ಮಾದಕವಸ್ತು, ವ್ಯಾಪಾರ, ಜನರ ಒಡನಾಟ. ಪಾಕಿಸ್ತಾನ ಕಾಶ್ಮೀರವನ್ನೇ ಮೊದಲು ಎನ್ನುತ್ತಿತ್ತು, ಭಾರತ ಉಳಿದೆಲ್ಲವನ್ನೂ ಮೊದಲು ಎನ್ನುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲಿಡುವ ದಾರಿ ಇದು. ಸೆಪ್ಟೆಂಬರ್ ಸುತ್ತಿನಲ್ಲಿ ಕಾಶ್ಮೀರದ ಕಾರ್ಯತಂಡದ ವಿಷಯಕ್ಕೇ ಮಾತು ಮುರಿಯಿತು. ಆದರೆ ಚೌಕಟ್ಟು ಉಳಿಯಿತು. ವಾಜಪೇಯಿ ಮತ್ತು ಮನಮೋಹನ್ ಸಿಂಗ್ ಕಾಲದಲ್ಲಿ, 2008ರ ಮುಂಬೈ ದಾಳಿಯವರೆಗೆ, ಎರಡೂ ದೇಶಗಳು ಸಮಗ್ರ ಸಂವಾದದ ಹೆಸರಿನಲ್ಲಿ ಬಳಸಿದ್ದು ಈ ಎಂಟು ವಿಷಯಗಳ ಪಟ್ಟಿಯನ್ನೇ.

ನೆರೆಯವರಿಗೆ ಕೈ ಚಾಚಿದ ಸರ್ಕಾರವೇ 1996ರಲ್ಲಿ ಜಿನೀವಾದಲ್ಲಿ ಅಣುಪರೀಕ್ಷೆ ನಿಷೇಧ ಒಪ್ಪಂದವನ್ನು ತಿರಸ್ಕರಿಸಿತ್ತು ಎಂಬುದು ಟೀಕೆಗಳ ನಡುವೆ ಮರೆತುಹೋಗುತ್ತದೆ. ಪಾಕಿಸ್ತಾನದೊಳಗಿನ ಗುಪ್ತಚರ ಕಾರ್ಯಾಚರಣೆಗಳನ್ನು ಗುಜ್ರಾಲ್ ನಿಲ್ಲಿಸಿ ದೇಶವನ್ನು ದುರ್ಬಲಗೊಳಿಸಿದರು ಎಂಬ ಆರೋಪ ಭದ್ರತಾ ವಲಯದಲ್ಲಿ ಆಗಾಗ ಕೇಳಿಬರುತ್ತದೆ. 1998ರ ಮೇ ತಿಂಗಳ ಅಣುಪರೀಕ್ಷೆಗಳು, 1999ರ ಕಾರ್ಗಿಲ್ ಯುದ್ಧ ಬಂದ ಮೇಲೆ ಅವರ ನೀತಿಯನ್ನು ಮುಗ್ಧತೆ ಎಂದವರು ಹಲವರು. ಆದರೆ ಪೂರ್ವದ ಗಡಿಯ ಫಲವನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಅಸ್ಸಾಮಿನ ಬಂಡುಕೋರ ಸಂಘಟನೆ ಉಲ್ಫಾದ ನಾಯಕ ಅನುಪ್ ಚೆತಿಯಾನನ್ನು 1997ರ ಡಿಸೆಂಬರ್‌ನಲ್ಲಿ ಢಾಕಾ ಪೊಲೀಸರು ಬಂಧಿಸಿದರು. ಅವನನ್ನು ಭಾರತಕ್ಕೆ ಒಪ್ಪಿಸಿದ್ದು 2015ರಲ್ಲಿ. 2003ರ ಡಿಸೆಂಬರ್‌ನಲ್ಲಿ ಭೂತಾನ್ ತನ್ನ ಕಾಡುಗಳಲ್ಲಿ ಬೀಡುಬಿಟ್ಟಿದ್ದ ಉಗ್ರರನ್ನು ತನ್ನದೇ ಸೇನೆ ಕಳಿಸಿ ಓಡಿಸಿತು. ನೆಲವನ್ನು ಪರರ ವಿರುದ್ಧ ಬಳಸಲು ಬಿಡಬಾರದೆಂಬ ಎರಡನೇ ಅಂಶ ಪಶ್ಚಿಮದಲ್ಲಿ ಸೋತಿತು, ಪೂರ್ವದಲ್ಲಿ ನಿಧಾನವಾಗಿಯಾದರೂ ಕೈಗೂಡಿತು.

ಮುಂದಿನ ಸರ್ಕಾರಗಳು ಗುಜ್ರಾಲ್ ಹೆಸರನ್ನು ಬಳಸದೆಯೂ ದಾರಿಯನ್ನು ಪೂರ್ತಿ ಬಿಡಲಿಲ್ಲ. ಶ್ರೀಲಂಕಾದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದ 1998ರ ಡಿಸೆಂಬರ್‌ನಲ್ಲಿ ಬಂತು. ಬಂಗಾಳ ಕೊಲ್ಲಿಯ ಗಡಿ ವಿವಾದದಲ್ಲಿ 2014ರ ಅಂತರರಾಷ್ಟ್ರೀಯ ತೀರ್ಪು ಬಹುಪಾಲು ಬಾಂಗ್ಲಾದೇಶದ ಕಡೆಗಿದ್ದರೂ ಭಾರತ ಒಪ್ಪಿಕೊಂಡಿತು. 1974ರಲ್ಲೇ ಸಹಿಯಾಗಿದ್ದ ನೆಲಗಡಿ ಒಪ್ಪಂದ ಸಂವಿಧಾನದ 100ನೇ ತಿದ್ದುಪಡಿಯಿಂದ ಜಾರಿಗೆ ಬಂದು, 2015ರ ಜುಲೈ 31ರ ನಡುರಾತ್ರಿ ಒಂದು ದೇಶದ ನೆಲದ ನಡುವೆ ಇನ್ನೊಂದಕ್ಕೆ ಸೇರಿದ್ದ ತುಂಡುಪ್ರದೇಶಗಳಾದ 111 ಭಾರತೀಯ ಮತ್ತು 51 ಬಾಂಗ್ಲಾ ಛಿಟ್‌ಮಹಲ್‌ಗಳು ಕೈ ಬದಲಿಸಿದವು. ಯಾವ ದೇಶದ ಪೌರತ್ವವೂ ಕೈಗೆ ಸಿಗದೆ ದಶಕಗಳ ಕಾಲ ಬದುಕಿದ ಸಾವಿರಾರು ಕುಟುಂಬಗಳಿಗೆ ಅಂದು ವಿಳಾಸ ದೊರೆಯಿತು. ಇದಕ್ಕೆ ವ್ಯತಿರಿಕ್ತವಾಗಿ ತೀಸ್ತಾ ನದಿಯ ಹಂಚಿಕೆ 2011ರಲ್ಲಿ ಸಹಿಯ ಹೊಸ್ತಿಲಿಗೆ ಬಂದು ನಿಂತಿತು; ಪಶ್ಚಿಮ ಬಂಗಾಳ ಸರ್ಕಾರ ಒಪ್ಪಲಿಲ್ಲ. ಜ್ಯೋತಿ ಬಸು 1996ರಲ್ಲಿ ಮಾಡಿದ್ದು ಎಷ್ಟು ದೊಡ್ಡ ಕೆಲಸವೆಂಬುದು ಆಗ ಸ್ಪಷ್ಟವಾಯಿತು. 2015ರಲ್ಲಿ ನೇಪಾಳದ ಗಡಿಯಲ್ಲಿ ಸಾಗಣೆ ಮತ್ತೆ ತಿಂಗಳುಗಟ್ಟಲೆ ಕಟ್ಟಿಹೋದಾಗ ಅಲ್ಲಿನವರು 1989ನ್ನು ನೆನೆದರು. ಸಾರ್ಕ್ ಶೃಂಗಸಭೆ 2014ರ ಬಳಿಕ ಸೇರಿಲ್ಲ.

ಗುಜ್ರಾಲ್ 2012ರ ನವೆಂಬರ್ 30ರಂದು ತೀರಿಕೊಂಡರು. ಅವರ ನೀತಿಯ ಮೊದಲ ಫಲವಾದ ಗಂಗಾ ಜಲ ಒಪ್ಪಂದದ 30 ವರ್ಷಗಳ ಅವಧಿ 2026ರ ಡಿಸೆಂಬರ್‌ಗೆ ಕೊನೆಗೊಳ್ಳುತ್ತದೆ. ಇಬ್ಬರೂ ಒಪ್ಪಿದರೆ ಅದನ್ನು ನವೀಕರಿಸಬಹುದೆಂದು ಒಪ್ಪಂದವೇ ಹೇಳುತ್ತದೆ.