ನಲಿ-ಕಲಿ

ಎರಡೂ ಅಚ್ಚಗನ್ನಡ ಕ್ರಿಯಾಪದಗಳು, ಎರಡೂ ಮಗುವನ್ನೇ ನೇರವಾಗಿ ಕರೆಯುತ್ತವೆ. ‘ನಲಿ’ ಎಂದರೆ ಹಿಗ್ಗು, ಕುಣಿ. ನಲಿವು, ನಲಿದಾಡು ಎಂಬಲ್ಲೂ ಅದೇ ಇದೆ. ‘ಕಲಿ’ಯ ಬೇರು ದ್ರಾವಿಡ ನುಡಿಗಳದು, ತಮಿಳಿನ ‘ಕಲ್ವಿ’ ಇದರ ನೆಂಟ. ವೀರ ಎಂಬರ್ಥದ ‘ಕಲಿ’ಯಾಗಲಿ, ಕಲಿಯುಗದ ‘ಕಲಿ’ಯಾಗಲಿ ಇಲ್ಲಿ ಬರುವುದಿಲ್ಲ.

ಜೋಡಿಪದವಾಗಿ ಇದು ಶಾಲೆಗೆ ಬಂದದ್ದು ಮೈಸೂರು ಜಿಲ್ಲೆಯಿಂದಲೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿ ಬಂದ ಶಿಕ್ಷಕರು ಇದನ್ನು ಕಟ್ಟಿದರು. ಪಾಠವನ್ನು ಕಾರ್ಡುಗಳಾಗಿ ಒಡೆದು, ಕಲಿಕಾ ಏಣಿಯಲ್ಲಿ ಜೋಡಿಸಿ, ಮಗು ತನ್ನ ವೇಗದಲ್ಲೇ ಹತ್ತುವಂತೆ ಮಾಡಿದರು. ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆಲ್ಲ ಹಬ್ಬಿತು. ಈಗ ಅದು ವಿಶೇಷಣವೂ ಹೌದು: ನಲಿ-ಕಲಿ ಕೊಠಡಿ, ನಲಿ-ಕಲಿ ಟೀಚರ್.

ಆದರೆ ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಪದ ಹಿಂದೆ ಉಳಿಯುತ್ತದೆ. ಮುಂದಿನ ತರಗತಿಗಳಲ್ಲಿ ವಿಜ್ಞಾನ ಒಂದು ಪುಸ್ತಕ, ಗಣಿತ ಇನ್ನೊಂದು. ನನಗೆ ನೋವಾಗುವುದು ಇಲ್ಲೇ. ಹೀಗೆ ಬಿಡಿಬಿಡಿಯಾಗಿಸದೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತವನ್ನು ಬೆಸೆದು ಕಲಿಸುವುದಕ್ಕೆ ‘ಸ್ಟೆಮ್’ ಎನ್ನುತ್ತೇವೆ. ಇದೇ ಮೈಸೂರು ಜಿಲ್ಲೆಯ ಬನ್ನೂರಿನ ಹೈಸ್ಕೂಲಿಗೆ ಅದರ ಸಾಮಗ್ರಿ ಊರಲ್ಲೇ ಇದೆ. ಗಿಡ್ಡಕಾಲಿನ ಬನ್ನೂರು ಕುರಿಯ ಮರಿಯನ್ನು ವಾರಕ್ಕೊಮ್ಮೆ ತೂಗಿ ನಕ್ಷೆ ಬರೆದರೆ ಜೀವಶಾಸ್ತ್ರವೂ ಅಂಕಿಅಂಶವೂ ಒಂದೇ ಹಾಳೆಗೆ ಬರುತ್ತವೆ. ನಾಲೆಯ ಅಗಲ, ಆಳ ಅಳೆದು, ದಂಡೆಯ ಮೇಲಿಂದ ತೇಲುವ ಎಲೆಯ ವೇಗ ನೋಡಿದರೆ ಸೆಕೆಂಡಿಗೆ ಹರಿಯುವ ನೀರಿನ ಅಂದಾಜು ಸಿಗುತ್ತದೆ. ಆ ನೀರು ಎಷ್ಟು ಗದ್ದೆಗೆ ಸಾಲುತ್ತದೆಂಬ ಲೆಕ್ಕವನ್ನು ಮಕ್ಕಳು ಮನೆಯ ಹಿರಿಯರೊಡನೆ ಕೂತು ಮಾಡಬಹುದು. ಇಂಥ ತರಗತಿಯನ್ನೂ ನಲಿ-ಕಲಿ ಎಂದೇ ಕರೆಯೋಣ.