ಅಬ್ಡಾಮಿನಲ್ ಕೋಕೂನ್: ಕರುಳಿನ ಅಡಚಣೆಯ ಒಂದು ವಿರಳ ಕಾರಣದ ಪತ್ತೆ ಮತ್ತು ಚಿಕಿತ್ಸೆ

ಸಣ್ಣಕರುಳಿನ ಅಡಚಣೆಗೆ ಸಾಮಾನ್ಯವಾಗಿ ಹಿಂದಿನ ಶಸ್ತ್ರಚಿಕಿತ್ಸೆಯಿಂದ ಉಳಿದ ಅಂಟುಗಳು, ಹರ್ನಿಯಾ ಅಥವಾ ಗೆಡ್ಡೆ ಕಾರಣವಾಗಿರುತ್ತವೆ. ಇವು ಯಾವುವೂ ಇಲ್ಲದೆ, ದಪ್ಪನೆಯ ನಾರುಪೊರೆಯೊಂದು ಕರುಳಿನ ಸುರುಳಿಗಳನ್ನು ಭಾಗಶಃ ಅಥವಾ ಪೂರ್ತಿಯಾಗಿ ಸುತ್ತಿ ಬಿಗಿಯುವ ಸ್ಥಿತಿಗೆ ‘ಅಬ್ಡಾಮಿನಲ್ ಕೋಕೂನ್’ ಎಂದು ಹೆಸರು. ರೇಷ್ಮೆಗೂಡಿನೊಳಗಿನ ಹುಳುವಿನಂತೆ ಕರುಳು ಪೊರೆಯೊಳಗೆ ಅಡಗಿರುತ್ತದೆ. 1907ರಲ್ಲೇ ವರ್ಣಿತವಾಗಿದ್ದ ಈ ರೋಗಕ್ಕೆ ಈಗಿನ ಹೆಸರು ಬಂದದ್ದು, 1978ರಲ್ಲಿ ಫೂ ಮತ್ತು ಸಂಗಡಿಗರು ಹದಿಹರೆಯದ ಹುಡುಗಿಯರಲ್ಲಿ ಕಂಡ ಪ್ರಕರಣಗಳನ್ನು ಪ್ರಕಟಿಸಿದಾಗ.

ಕಾರಣ ತಿಳಿಯದ ಪ್ರಕರಣಗಳನ್ನು ಪ್ರಾಥಮಿಕವೆಂದೂ, ಉದರದ ಒಳಪೊರೆಯಾದ ಪೆರಿಟೋನಿಯಂ ದೀರ್ಘಕಾಲ ಉರಿಯೂತಕ್ಕೆ ಒಳಗಾಗಿ ಉಂಟಾದವನ್ನು ದ್ವಿತೀಯಕವೆಂದೂ ವಿಂಗಡಿಸುತ್ತಾರೆ. ಮೂತ್ರಪಿಂಡ ವೈಫಲ್ಯಕ್ಕಾಗಿ ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್, ಹಿಂದೆ ಬಳಕೆಯಲ್ಲಿದ್ದ ಪ್ರಾಕ್ಟೊಲಾಲ್ ಔಷಧ ಹಾಗೂ ಉದರದ ಕ್ಷಯ ದ್ವಿತೀಯಕ ಬಗೆಯ ಮುಖ್ಯ ಹಿನ್ನೆಲೆಗಳು. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಕೊನೆಯದು ವಿಶೇಷ ಗಮನಕ್ಕೆ ಅರ್ಹ.

ಬಿಟ್ಟು ಬಿಟ್ಟು ಬರುವ ಹೊಟ್ಟೆನುಲಿತ, ವಾಂತಿ, ತೂಕ ಇಳಿಕೆ ಮತ್ತು ಕೆಲವೊಮ್ಮೆ ಕೈಗೆ ಸಿಗುವ ಮೆತ್ತನೆಯ ಗಂಟು ಇದರ ಲಕ್ಷಣಗಳಾಗಿದ್ದು, ನೋವು ತಾನಾಗಿಯೇ ಶಮನವಾಗುವುದರಿಂದ ರೋಗಪತ್ತೆ ತಡವಾಗುತ್ತದೆ. ಸಾದಾ ಎಕ್ಸ್‌ರೇಯಲ್ಲಿ ಗಾಳಿ ಮತ್ತು ದ್ರವದ ಮಟ್ಟಗಳು ಕಂಡು ಅಡಚಣೆ ಇದೆಯೆಂದು ತಿಳಿದರೂ ಅದರ ಕಾರಣ ತಿಳಿಯದು. ಸಿ.ಟಿ. ಸ್ಕ್ಯಾನ್‌ನಲ್ಲಿ ಕರುಳಿನ ಸುರುಳಿಗಳು ಒಂದೆಡೆ ಗುಂಪುಗೂಡಿ, ಅವುಗಳ ಸುತ್ತ ಪೊರೆ ಆವರಿಸಿರುವುದು ಕಂಡರೆ ರೋಗದ ಸಂಶಯ ಬಲಗೊಳ್ಳುತ್ತದೆ. ಆದರೂ ಒಳಹರ್ನಿಯಾದಿಂದ ಇದನ್ನು ಪ್ರತ್ಯೇಕಿಸಿಕೊಳ್ಳಬೇಕು.

ಲಕ್ಷಣಗಳು ಸೌಮ್ಯವಾಗಿದ್ದಲ್ಲಿ ಬಾಯಿಯಿಂದ ಆಹಾರ ನಿಲ್ಲಿಸಿ, ಮೂಗಿನ ಮೂಲಕ ಇಳಿಸಿದ ನಳಿಕೆಯಿಂದ ಜಠರವನ್ನು ಬರಿದುಮಾಡಿ, ರಕ್ತನಾಳದ ಮೂಲಕ ದ್ರವ ಹಾಗೂ ಪೋಷಣೆ ಒದಗಿಸಲಾಗುತ್ತದೆ. ಡಯಾಲಿಸಿಸ್‌ನಿಂದ ಉಂಟಾದ ರೋಗದಲ್ಲಿ ಸ್ಟೀರಾಯ್ಡ್ ಮತ್ತು ಟಮಾಕ್ಸಿಫೆನ್ ಬಳಕೆಯೂ ಉಂಟು. ಅಡಚಣೆ ಮುಂದುವರಿದರೆ ಪೊರೆಯನ್ನು ಕತ್ತರಿಸಿ ತೆಗೆದು, ಸುರುಳಿಗಳ ನಡುವಿನ ಅಂಟುಗಳನ್ನು ಎಚ್ಚರದಿಂದ ಬಿಡಿಸಬೇಕಾಗುತ್ತದೆ. ರಕ್ತಸಂಚಾರ ನಿಂತು ಕರುಳು ಕೆಟ್ಟಿದ್ದರೆ ಮಾತ್ರ ಅದರ ಭಾಗವನ್ನು ತೆಗೆಯುವುದು ಯುಕ್ತ. ಅನಗತ್ಯವಾಗಿ ತೆಗೆದರೆ ಜೋಡಣೆ ಸೋರುವ ಅಪಾಯವನ್ನು ಬರಮಾಡಿಕೊಂಡಂತಾಗುತ್ತದೆ.

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನವೇ ರೋಗವನ್ನು ಊಹಿಸಿದ್ದರೆ, ಪೊರೆಯಡಿಯ ಕರುಳನ್ನು ಗೆಡ್ಡೆಯೆಂದು ಭಾವಿಸಿ ಕತ್ತರಿಸುವ ಸಂಭವ ತಗ್ಗುತ್ತದೆ. ತೆಗೆದ ಪೊರೆಯನ್ನು ಅಂಗಾಂಶ ಪರೀಕ್ಷೆಗೂ ಕ್ಷಯದ ಪರೀಕ್ಷೆಗೂ ಕಳುಹಿಸುವುದು ಅಷ್ಟೇ ಅಗತ್ಯ. ಏಕೆಂದರೆ ಕ್ಷಯ ದೃಢಪಟ್ಟರೆ ಕ್ಷಯನಿರೋಧಕ ಔಷಧಗಳ ಪೂರ್ಣಾವಧಿ ಚಿಕಿತ್ಸೆಯಿಲ್ಲದೆ ಶಸ್ತ್ರಚಿಕಿತ್ಸೆಯೊಂದೇ ಮೂಲರೋಗವನ್ನು ಗುಣಪಡಿಸಲಾರದು.