ಎದೆಯೊಳಗಿನ ಸಿಗ್ನಲ್

ಪೆರಂಬೂರಿನಲ್ಲಿ ನೆಲೆಸಿರುವ ನಮಗೆ ಸಿಗ್ನಲ್ ಎಂದೊಡನೆ ನೆನಪಾಗುವುದು ರೈಲು. ಕೆಂಪು ದೀಪವನ್ನು ಹೊತ್ತಿಗೆ ಸರಿಯಾಗಿ ಕಾಣದಿದ್ದರೆ ಏನಾಗುವುದೆಂದು ಇಲ್ಲಿಯ ಎಳೆಯ ಮಕ್ಕಳಿಗೂ ಗೊತ್ತು. ಆದರೆ ನಮ್ಮ ಎದೆಯೊಳಗೂ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಸಿಗ್ನಲ್ ಬೀಳುತ್ತದೆಂಬುದನ್ನು ನಾವು ಯೋಚಿಸುವುದೇ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸೋದರಮಾವನವರಿಗೆ ಬೆಳಗಿನ ಜಾವ ಎದೆ ಹಿಡಿದಂತಾಯಿತು. ಹಿಂದಿನ ರಾತ್ರಿ ಮದುವೆಯೂಟವಾಗಿತ್ತು. ‘ಗ್ಯಾಸ್ ಇರಬೇಕು’ ಎಂದು ನಾವೇ ತೀರ್ಪು ಕೊಟ್ಟು, ಜೀರಿಗೆ ಕಷಾಯ ಕುಡಿಸಿ, ಸೋಡಾ ತರಿಸಿ, ನಾಲ್ಕು ಗಂಟೆ ಕಳೆದೆವು. ಕೊನೆಗೆ ಇ.ಸಿ.ಜಿ. ತೆಗೆದಾಗ ವೈದ್ಯರು ಕಾಗದದ ಮೇಲಿನ ಒಂದು ಏರಿನ ಮೇಲೆ ಬೆರಳಿಟ್ಟು ತೋರಿಸಿದರು. ಮಾವ ಉಳಿದರು, ಆದರೆ ಅವರ ಹೃದಯಸ್ನಾಯುವಿನ ಒಂದು ಭಾಗ ಉಳಿಯಲಿಲ್ಲ. ಬಿ.ಎಸ್ಸಿ. ಓದಿದ್ದೂ ಆ ಗೆರೆಯ ಅರ್ಥ ತಿಳಿಯದೆ ಹೋದೆವಲ್ಲ ಎಂಬ ಕೊರಗೇ ಅದರ ಚರಿತ್ರೆಯನ್ನು ಹುಡುಕುವಂತೆ ಮಾಡಿತು.

ಈ ಚರಿತ್ರೆಯಲ್ಲಿ ನಮ್ಮ ಪೆರಂಬೂರಿಗೂ ಒಂದು ಪುಟವಿದೆ. 1975ರಲ್ಲಿ ಇಲ್ಲಿಯ ದಕ್ಷಿಣ ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ಭಾರತದ ಮೊದಲ ಯಶಸ್ವಿ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. ಕಟ್ಟಿಕೊಂಡ ರಕ್ತನಾಳವನ್ನು ಬಳಸಿಕೊಂಡು ಹೋಗುವಂತೆ ರಕ್ತಕ್ಕೆ ಬೇರೊಂದು ದಾರಿ ಮಾಡಿಕೊಡುವುದೇ ಬೈಪಾಸ್. ಆಗ ಅವರಿನ್ನೂ ಮೂವತ್ತರ ಹರೆಯದವರು. ಅವರು ವೈದ್ಯಶಾಸ್ತ್ರ ಕಲಿತದ್ದು ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಎಂಬುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ. 2025ರ ಜನವರಿಯಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಆದರೆ ಶಸ್ತ್ರವೈದ್ಯನು ಕತ್ತರಿ ಹಿಡಿಯುವ ಮೊದಲು ಹೃದಯ ತನ್ನ ಕಷ್ಟವನ್ನು ಹೇಳಿಕೊಳ್ಳಬೇಕು. ಅದನ್ನು ಯಾರಾದರೂ ಕೇಳಿಸಿಕೊಳ್ಳಬೇಕು. ಹೇಳುವವು ಜೀವಕೋಶಗಳು, ಕೇಳುವುದು ಯಂತ್ರ. ಇವೆರಡರ ಕಥೆಯೂ ಒಂದೇ ಕಾಲದಲ್ಲಿ ಮೊದಲಾಯಿತು.

1880ರ ದಶಕದ ಆರಂಭದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ಪರೀಕ್ಷಿಸುತ್ತಿದ್ದರು. ನಲ್ಲಿಯ ನೀರಿನಲ್ಲಿ ಮಾಡಿದ ದ್ರಾವಣದಲ್ಲಿ ಅದು ಚೆನ್ನಾಗಿ ಬಡಿಯಿತು. ಭಟ್ಟಿಯಿಳಿಸಿದ ಶುದ್ಧ ನೀರಿನದರಲ್ಲಿ ಬಲ ಕುಂದಿ ನಿಂತಿತು. ನಲ್ಲಿಯ ನೀರಿನಲ್ಲಿದ್ದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೃದಯಕ್ಕೆ ಬೇಕೇ ಬೇಕೆಂದು ಹೀಗೆ ತಿಳಿದುಬಂತು. 1921ರಲ್ಲಿ ಆಸ್ಟ್ರಿಯದ ಆಟೋ ಲೋವಿ, ನರವನ್ನು ಕೆರಳಿಸಿ ನಿಧಾನಗೊಳಿಸಿದ ಒಂದು ಹೃದಯದ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದರು. ಎರಡನೆಯದೂ ನಿಧಾನವಾಯಿತು! ನರವು ರಾಸಾಯನಿಕದ ಮೂಲಕ ಮಾತಾಡುತ್ತದೆಂಬುದಕ್ಕೆ ಅದು ಪ್ರಮಾಣವಾಯಿತು.

ಇನ್ನು ಕೇಳುವವರ ಕಥೆ. 1887ರಲ್ಲಿ ಅಗಸ್ಟಸ್ ವಾಲರ್ ಮನುಷ್ಯನ ಎದೆಯನ್ನು ತೆರೆಯದೆಯೇ ಹೃದಯದ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದರು. ಅವರು ಬಳಸಿದ್ದು ಪಾದರಸದ ಮಾಪಕ. ಅದರ ಪಾದರಸ ಮಂದಗತಿಯದಾದ್ದರಿಂದ ಗೆರೆ ಮೊಂಡಾಗಿ ಬರುತ್ತಿತ್ತು. ಹಾಲೆಂಡಿನ ವಿಲ್ಲೆಂ ಐಂಥೋವನ್ ಆ ಮೊಂಡು ಗೆರೆಯನ್ನು ಗಣಿತದಿಂದ ತಿದ್ದಿ, ನಿಜವಾದ ಅಲೆ ಹೇಗಿರಬೇಕೆಂದು ಲೆಕ್ಕ ಹಾಕಿದರು. 1895ರಲ್ಲಿ ಅದರ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. ಕಂಪ್ಯೂಟರಿನ ಹೆಸರೂ ಇಲ್ಲದ ಆ ಕಾಲದಲ್ಲಿ ನಡೆದ ಈ ತಿದ್ದುಪಡಿಯನ್ನು ಇಂದಿನ ‘ಸಿಗ್ನಲ್ ಪ್ರೊಸೆಸಿಂಗ್’ನ ಪೂರ್ವಜ ಎನ್ನಬಹುದು. ಮುಂದೆ ಅವರೇ ತಂತಿಯ ಗ್ಯಾಲ್ವನೋಮೀಟರನ್ನು ಕಟ್ಟಿದಾಗ ಲೆಕ್ಕದ ಅಲೆಯೂ ಅಳೆದ ಅಲೆಯೂ ತಾಳೆಯಾದವು. ಆ ಯಂತ್ರದ ತೂಕ ಸುಮಾರು 270 ಕಿಲೋ! ರೋಗಿಗಳನ್ನು ಅದರ ಬಳಿಗೆ ತರುವುದು ಕಷ್ಟವಾದ್ದರಿಂದ, ಸುಮಾರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ಹೃದಯದ ಸಂಕೇತವನ್ನೇ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. 1924ರ ನೊಬೆಲ್ ಪಾರಿತೋಷಕ ಅವರದಾಯಿತು.

ಹೃದಯದ ಸಂಕೇತ ಚರ್ಮದ ಮೇಲೆ ಸಿಗುವುದು ಸುಮಾರು ಒಂದು ಮಿಲಿವೋಲ್ಟಿನಷ್ಟು ಮಾತ್ರ. ನಮ್ಮ ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್. ಆ ವಿದ್ಯುತ್ತಿನ ಗುಂಯ್‌ಗುಡುವಿಕೆ, ಉಸಿರಾಟದ ಏರಿಳಿತ, ಚಳಿಯಿಂದಲೋ ಭಯದಿಂದಲೋ ಬರುವ ಮೈನಡುಕ, ಇವೆಲ್ಲ ಸೇರಿ ಅದನ್ನು ಮುಳುಗಿಸಿಬಿಡುತ್ತವೆ. ಸಂತೆಯ ಗದ್ದಲದಲ್ಲಿ ನಮ್ಮ ಮಗುವಿನ ಕೂಗನ್ನು ಗುರುತಿಸಿದಂತೆ ಅದನ್ನು ಗುರುತಿಸಬೇಕು. 1985ರಲ್ಲಿ ಪ್ಯಾನ್ ಮತ್ತು ಟಾಂಪ್‌ಕಿನ್ಸ್ ಎಂಬ ಇಬ್ಬರು ಇದಕ್ಕೊಂದು ಸರಳ ಕ್ರಮವನ್ನು ಪ್ರಕಟಿಸಿದರು: ಬೇಡದ ಕಂಪನಗಳನ್ನು ಸೋಸು, ಏರಿನ ಕಡಿದನ್ನು ಅಳೆ, ಅದನ್ನು ವರ್ಗ ಮಾಡಿ ಹಿಗ್ಗಿಸು, ಸರಾಸರಿ ತೆಗೆದು ಬಡಿತವನ್ನು ಎಣಿಸು. ಬಿ.ಎಸ್ಸಿ. ಗಣಿತಕ್ಕೆ ಮೀರಿದ್ದು ಇದರಲ್ಲಿ ಏನೂ ಇಲ್ಲ. ಆದರೂ ಪರೀಕ್ಷೆಗಿಟ್ಟ ಬಡಿತಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚನ್ನು ಅದು ಸರಿಯಾಗಿ ಹಿಡಿಯಿತು.

1993ರಲ್ಲಿ ಎರಡು ಕಥೆಗಳೂ ಕೂಡಿಕೊಂಡವು. ಹೃದಯದ ಒಂದೇ ಜೀವಕೋಶದೊಳಗೆ ಕ್ಯಾಲ್ಸಿಯಂ ಕಿಡಿಗಳಂತೆ ಮಿನುಗಿ ಆರುವುದನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಕಂಡರು. ಇಂಥ ಸಾವಿರಾರು ಕಿಡಿಗಳು ಒಟ್ಟಿಗೆ ಹೊತ್ತಿದರೆ ಜೀವಕೋಶ ಸಂಕುಚಿಸುತ್ತದೆ. ರಿಂಗರ್ ಕಂಡ ಸುಣ್ಣದ ರಹಸ್ಯ ಹೀಗೆ ಕಣ್ಣಿಗೇ ಬಿತ್ತು. ಮಂಕು ಚಿತ್ರದಲ್ಲಿ ಕಿಡಿ ಯಾವುದು, ಬರಿಯ ಗದ್ದಲ ಯಾವುದು ಎಂದು ಬೇರ್ಪಡಿಸುವುದಕ್ಕೂ ಇಂಥ ಸೋಸುವ ಗಣಿತವೇ ಬೇಕಾಯಿತು. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಇನ್ನೂ ಮುಂದೆ ಹೋದರು. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವ ಹತ್ತು ಸೆಕೆಂಡಿನ ಇ.ಸಿ.ಜಿ.ಯಲ್ಲಿ, ಬೇರೆ ವೇಳೆಯಲ್ಲಿ ಲಯ ತಪ್ಪುವ ಹೃದಯದ ಸುಳಿವನ್ನು ಕಂಪ್ಯೂಟರು ಹಿಡಿಯಬಲ್ಲದೆಂದು ತೋರಿಸಿದರು. ಆದರೆ ಅದು ಹೇಳುವುದು ಸಂಭವವನ್ನು ಮಾತ್ರ, ತೀರ್ಪು ವೈದ್ಯರದೇ.

ನಮ್ಮ ಮಾವನವರ ಕಾಗದದಲ್ಲಿ ಕಂಡ ಏರಿನ ಅರ್ಥ ಈಗ ನಮಗೆ ತಿಳಿಯುತ್ತದೆ. ರಕ್ತ ನಿಂತ ಕಡೆ ಜೀವಕೋಶಗಳಿಗೆ ಶಕ್ತಿ ಸಾಲದಾಗಿ ಒಳಗಿನ ಪೊಟಾಸಿಯಂ ಹೊರಕ್ಕೆ ಸೋರುತ್ತದೆ, ವಿದ್ಯುತ್ತಿನ ಸಮತೋಲ ಕೆಡುತ್ತದೆ, ಎಸ್‌ಗೂ ಟಿಗೂ ನಡುವಿನ ಗೆರೆ ಮೇಲೇಳುತ್ತದೆ. ಅದು ಸಾಯುತ್ತಿರುವ ಜೀವಕೋಶಗಳ ಮೊರೆ. ನಾವು ಕಷಾಯ ಕಾಸುತ್ತಿದ್ದಾಗ ಅವು ಕೂಗುತ್ತಲೇ ಇದ್ದುವು.

ಇಂದು ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿ ತೆಗೆದ ಗೆರೆಗಳನ್ನು ಮೊಬೈಲಿನಲ್ಲಿ ತರಿಸಿಕೊಂಡು ತಜ್ಞರು ನೋಡಿ ಹೇಳುವ ಏರ್ಪಾಡನ್ನು ನಡೆಸಿಕೊಂಡು ಬಂದಿದ್ದಾರೆ. ಕರ್ನಾಟಕ ಸರ್ಕಾರವೂ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿತು. ಐಂಥೋವನ್ನರ ಟೆಲಿಫೋನ್ ತಂತಿ ಈಗ ನಮ್ಮ ಮಲೆನಾಡಿನ ಹಳ್ಳಿಗೂ ಬಂದಿದೆ.

ಆದರೂ ಯಾವ ತಂತಿಯೂ ತಾನಾಗಿ ಬಂದು ರೋಗಿಯ ಎದೆಗೆ ಅಂಟಿಕೊಳ್ಳಲಾರದು. ಎದೆ ಹಿಡಿದಾಗ, ಎಡತೋಳು ಸೆಳೆದಾಗ, ಕಾರಣವಿಲ್ಲದೆ ಬೆವರಿದಾಗ ಮನೆಯವರೇ ತೀರ್ಪು ಕೊಡಬಾರದು. ಕಷಾಯ ಆಮೇಲೂ ಕುಡಿಯಬಹುದು, ಮೊದಲು ಇ.ಸಿ.ಜಿ. ಆಗಲಿ. ಕೆಂಪು ದೀಪ ಕಂಡ ಮೇಲೂ ಗಾಡಿ ಬಿಡುವ ಡ್ರೈವರು ನಮ್ಮ ಪೆರಂಬೂರಿನಲ್ಲಿ ಯಾರೂ ಇಲ್ಲ.